ಅರುಂಧತಿಯನ್ನು ಕಾಣದ ಮದುಮಗಳು

ಈಗಿನವರ ಲೆಕ್ಕಕ್ಕೆ ಸಿಗದಷ್ಟು ಹಿಂದೆ, ಬೆಟ್ಟಗಳಿಗೆ ಇನ್ನೂ ಹೆಸರಿಡುತ್ತಿದ್ದ ಕಾಲದಲ್ಲಿ, ಮಿಸುನಿ ಎಂಬುದೊಂದು ರಾಜ್ಯವಿತ್ತು. ಮಿಸುನಿ ಎಂದರೆ ಚಿನ್ನ. ಹೆಸರಿಗಷ್ಟೇ ಚಿನ್ನ, ಅಲ್ಲಿ ಇದ್ದದ್ದು ಒಂದು ದೊಡ್ಡ ಹೊಳೆ, ಹೊಳೆಯಲ್ಲಿ ದೋಣಿಗಳು, ದಂಡೆಯ ಮೇಲೊಂದು ಪಟ್ಟಣ, ಪಟ್ಟಣದ ನಡುವೆ ಒಬ್ಬ ದೊರೆ. ಆದರೆ ಅಲ್ಲಿಯ ಜನ ಬಹಳ ಮರ್ಯಾದಸ್ಥರು. ಯಾರ ಮಾತಿಗೂ ಇಲ್ಲ ಎನ್ನುತ್ತಿರಲಿಲ್ಲ. ಸಾರಿಗೆ ಉಪ್ಪು ಹಾಕಿರದಿದ್ದರೂ ಹದವಾಗಿದೆ ಎನ್ನುವರು, ಹಾಡು ಕಿವಿಗೆ ಬೀಳದಿದ್ದರೂ ತಲೆದೂಗುವರು. ಈ ಮರ್ಯಾದೆಯೇ ಅವರಿಗೆ ಮುಳುವಾಯಿತು, ಹೇಗೆಂದು ಕೇಳಿ.

ಮದುವೆಯಾದ ಹೆಣ್ಣಿಗೆ ಅರುಂಧತಿ ನಕ್ಷತ್ರ ತೋರಿಸುವ ಪದ್ಧತಿ ಆ ರಾಜ್ಯದಲ್ಲೂ ಇತ್ತು. ಮೊದಲೆಲ್ಲ ಮದುವೆಗಳು ಇರುಳಿನಲ್ಲೇ ನಡೆಯುತ್ತಿದ್ದವು. ಬಡಗಣ ಬಾನಿನಲ್ಲಿ ಸಪ್ತರ್ಷಿಗಳ ಏಳು ಚುಕ್ಕಿ. ಅವುಗಳ ಬಾಲದಲ್ಲಿ ಕೊನೆಯಿಂದ ಎರಡನೆಯದು ವಸಿಷ್ಠ. ವಸಿಷ್ಠನ ಮಗ್ಗುಲಲ್ಲಿ ಸಾಸಿವೆಯಷ್ಟು ಸಣ್ಣಗೆ ಅರುಂಧತಿ. ಮದುಮಗಳು ಕಣ್ಣು ಕಿರಿದು ಮಾಡಿ ಹುಡುಕಿ, ಕಂಡ ಮೇಲೆ ಕಂಡೆ ಎನ್ನುವಳು. ಆಮೇಲೆ ಧೂಮಾಕ್ಷನೆಂಬ ಜೋಯಿಸ ಆಸ್ಥಾನಕ್ಕೆ ಬಂದ. ಎಲ್ಲಿಂದ ಬಂದನೆಂದು ಯಾರೂ ಕೇಳಲಿಲ್ಲ, ಕೇಳುವುದು ಮರ್ಯಾದೆಯಲ್ಲವಲ್ಲ. ಅವನು ಪಂಚಾಂಗ ಬಿಡಿಸಿ, "ಇನ್ನು ಮುಂದೆ ಮದುವೆಗಳೆಲ್ಲ ನಡುಮಧ್ಯಾಹ್ನವೇ ಆಗತಕ್ಕದ್ದು" ಎಂದ. ಹಾಗೆಯೇ ಆಯಿತು. ಧಾರೆಯಾದ ಮೇಲೆ ಮದುಮಗಳನ್ನು ಅಂಗಳಕ್ಕೆ ಕರೆತಂದು, ಉರಿಬಿಸಿಲಿನಲ್ಲಿ ಸೂರಿನ ಕಡೆ ಬೆರಳು ಮಾಡಿ, "ಅಗೋ ಅರುಂಧತಿ, ಕಾಣಿಸಿತೇ?" ಎಂದು ಧೂಮಾಕ್ಷ ಕೇಳುವನು. ಅವಳು ತಲೆ ತಗ್ಗಿಸಿ, "ಕಾಣಿಸಿತು" ಎನ್ನುವಳು. ಎಲ್ಲರೂ ಊಟಕ್ಕೆ ಏಳುವರು.

ಈ ಧೂಮಾಕ್ಷ ಜೋಯಿಸನೇ ಅಲ್ಲ, ಮಾಯಾವಿ. ಕಾಣದೆ ಕಂಡೆನೆಂದ ಒಂದೊಂದು ಮಾತನ್ನೂ ಗಾಳಿಯಲ್ಲೇ ಹಿಡಿದು ಜೋಳಿಗೆಗೆ ಹಾಕಿಕೊಳ್ಳುತ್ತಿದ್ದ. ಅಂಥ ಒಂದು ಮಾತು ಕೈಸೇರಿದರೆ ಬಾನಿನಿಂದ ಒಂದು ಚುಕ್ಕಿಯನ್ನು ಕಿತ್ತು ತರುವ ಶಕ್ತಿ ಅವನಿಗೆ ಬರುತ್ತಿತ್ತು. ಇಪ್ಪತ್ತು ವರ್ಷ ಕಳೆಯಿತು, ಸಾವಿರ ಮದುವೆ ಮುಗಿಯಿತು, ಸಾವಿರ ಚುಕ್ಕಿ ಹೋದವು. ತಲೆಯೆತ್ತಿ ನೋಡುವವರೇ ಇಲ್ಲದ್ದರಿಂದ ಯಾರಿಗೂ ತಿಳಿಯಲಿಲ್ಲ. ಹೊಳೆಯಲ್ಲಿ ದೋಣಿ ನಡೆಸುವ ಕೇತಣನೆಂಬ ಅಂಬಿಗ ಮಾತ್ರ ಒಮ್ಮೆ ಕಟ್ಟೆಯ ಮೇಲೆ ಕೂತವರ ಮುಂದೆ, "ಯಾಕೋ ಚುಕ್ಕಿ ಕಡಿಮೆ ಆಗ್ತಿವೆ" ಎಂದಿದ್ದ. ಎಲ್ಲರೂ ಹೌದು ಹೌದು ಎಂದರು, ಯಾರೂ ತಲೆಯೆತ್ತಲಿಲ್ಲ.

ಒಬ್ಬಳು ಎತ್ತಿದಳು. ಅವಳ ಹೆಸರು ಸೋವಲೆ. ಅವಳ ಮನೆತನದವರು ಗಳಿಗೆ ಬಟ್ಟಲು ಕಾಯುವವರು. ತಳದಲ್ಲಿ ಸೂಜಿಮೊನೆಯಷ್ಟು ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ, ನೀರು ಒಳಗೇರಿ ಅದು ಮುಳುಗಲು ಸರಿಯಾಗಿ ಒಂದು ಗಳಿಗೆ ಹಿಡಿಯುತ್ತದೆ. ಮುಳುಗಿದೊಡನೆ ಜಾಗಟೆ ಬಡಿಯುವುದು ಅವರ ಕೆಲಸ. ಪಟ್ಟಣದ ಮುಹೂರ್ತಗಳೆಲ್ಲ ಆ ಬಟ್ಟಲಿನವು. ಸೋವಲೆಯನ್ನು ಸಾಕಿದ ಅಜ್ಜಿ ಬಾಚವ್ವೆ ಅವಳಿಗೆ ಐದು ವರ್ಷವಾದಾಗಲೇ ಬಟ್ಟಲಿನ ಮುಂದೆ ಕೂರಿಸಿ, "ನೋಡು ಮಗಾ, ದೊರೆಯೇ ಬಂದು ಗದರಿಸಲಿ, ಮುಳುಗೋವರೆಗೂ ಮುಳುಗಿತು ಅನ್ನಬೇಡ" ಎಂದು ಹೇಳಿಕೊಟ್ಟಿದ್ದಳು. ಸೋವಲೆ ಅದನ್ನು ಬಟ್ಟಲಿಗಷ್ಟೇ ಇಟ್ಟುಕೊಳ್ಳದೆ ಎಲ್ಲದಕ್ಕೂ ಹಚ್ಚಿದಳು. ಅದರಿಂದ ಅವಳಿಗೆ ಗೆಳತಿಯರು ಕಡಿಮೆ. ಕೇತಣನಿಗೆ ಮಾತ್ರ ಅವಳೇ ಬೇಕಾದಳು. ಅವಳಿಗೂ ಅವನು ಬೇಕಾದ.

ಬೇಸಿಗೆಯ ಕೊನೆ. ವೈಶಾಖದ ಹುಣ್ಣಿಮೆ ಕಳೆದು ಎರಡನೆಯ ದಿನ ಅವರ ಮದುವೆ. ತನ್ನ ಮುಹೂರ್ತದ ಬಟ್ಟಲನ್ನು ಸೋವಲೆ ತಾನೇ ತೇಲಿಬಿಟ್ಟು, ಮುಳುಗಿದ ಮೇಲೆ ತಾನೇ ಜಾಗಟೆ ಬಡಿದು, ಬಾಸಿಂಗ ಸರಿಮಾಡಿಕೊಂಡು ಬಂದು ಹಸೆಗೆ ಕೂತಳು. ದೊರೆಯೂ ರಾಣಿಯೂ ಬಂದಿದ್ದರು. ಧಾರೆಯಾಯಿತು. ಕೇತಣನ ಕೈ ಅವಳ ಕೈಯಲ್ಲಿತ್ತು. ಹುಟ್ಟು ಹಾಕಿ ಹಾಕಿ ಅಂಗೈ ಜಡ್ಡುಗಟ್ಟಿದ ಕೈ. ಧೂಮಾಕ್ಷ ಇಬ್ಬರನ್ನೂ ಅಂಗಳಕ್ಕೆ ಕರೆತಂದು ಬೆರಳೆತ್ತಿದ.

"ಅಗೋ ಅರುಂಧತಿ. ಕಾಣಿಸಿತೇ?"

ಸೋವಲೆ ತಲೆಯೆತ್ತಿ ನೋಡಿದಳು. ಸೂರಿನ ಮೇಲೆ ಒಂದು ಕಾಗೆ ಇತ್ತು.

"ಇಲ್ಲ, ಕಾಣಲಿಲ್ಲ" ಎಂದಳು.

ಓಲಗದವರು ಊದುವುದನ್ನು ನಿಲ್ಲಿಸಿದರು. ಸೋದರತ್ತೆಯೊಬ್ಬಳು ಹತ್ತಿರ ಬಂದು, "ಅಯ್ಯೋ ಹುಚ್ಚಿ, ಕಾಣಿಸ್ತು ಅನ್ನು, ಅನ್ನ ಆರಿಹೋಗ್ತಿದೆ" ಎಂದು ತಿವಿದಳು. ಧೂಮಾಕ್ಷ ನಗುತ್ತಲೇ ಮತ್ತೆ ಕೇಳಿದ. ಅವಳು ಮತ್ತೆ ಕಾಣಲಿಲ್ಲ ಎಂದಳು. ಮೂರನೆಯ ಸಲ ಕೇಳುವಾಗ ಅವನ ಮುಖದಲ್ಲಿ ನಗೆ ಇರಲಿಲ್ಲ.

"ಜೋಯಿಸರೆ, ಮಧ್ಯಾಹ್ನದ ಬಿಸಿಲಲ್ಲಿ ಯಾವ ಚುಕ್ಕಿ ಕಂಡೀತು? ರಾತ್ರಿ ಆಗಲಿ, ನೋಡಿ ಹೇಳ್ತೀನಿ" ಎಂದಳು ಸೋವಲೆ.

ಧೂಮಾಕ್ಷನ ಕಣ್ಣಿನಿಂದ ಹೊಗೆ ಬಂತು. ಪಂಚಾಂಗ ನೆಲಕ್ಕೆ ಬಿತ್ತು. "ಇಲ್ಲದ್ದನ್ನು ಕಂಡೆ ಎನ್ನಲಾರೆಯಾ? ಹಾಗಾದರೆ ಇರುವುದನ್ನೂ ಕಾಣದೆ ಬಾಳು!" ಎಂದು ಕೂಗಿ ಕೇತಣನ ಕಡೆ ಕೈ ಬೀಸಿದ. ಕೇತಣ ನಿಂತಲ್ಲೇ ಕಾಣದಾದ. "ಇವನು ದಿನದಿನವೂ ಕರಗುತ್ತಾನೆ. ಮೊದಲು ರೂಪ, ಆಮೇಲೆ ಮಾತು, ಕಡೆಗೆ ಸ್ಪರ್ಶ. ಮುಂಗಾರಿನ ಮೋಡ ಬಾನನ್ನು ಮುಚ್ಚುವುದರೊಳಗೆ ನೀನು ಅರುಂಧತಿಯನ್ನು ಕಂಡರೆ ಇವನನ್ನೂ ಕಾಣುವೆ. ಕಂಡರೆ ತಾನೆ!" ಮಾಯಾವಿಗಳಿಗೆ ಇದೊಂದು ಚಟ, ಬಿಡಿಸಿಕೊಳ್ಳುವ ದಾರಿಯನ್ನೂ ಜಂಬದಲ್ಲಿ ತಾವೇ ಹೇಳಿಬಿಡುತ್ತಾರೆ. ಹೇಳಿದವನು ದೊಡ್ಡ ಗೂಬೆಯಾಗಿ ರೆಕ್ಕೆ ಬಡಿದು ತೆಂಕಣ ದಿಕ್ಕಿಗೆ ಹಾರಿಹೋದ. ಮದುವೆಗೆ ಬಂದವರು ಚಪ್ಪಲಿ ಹುಡುಕುವುದಕ್ಕೂ ನಿಲ್ಲದೆ ಓಡಿದರು.

ಸೋವಲೆ ಪಕ್ಕಕ್ಕೆ ತಿರುಗಿದಳು, ಯಾರೂ ಕಾಣಲಿಲ್ಲ. ಆದರೆ ಕೈಯಲ್ಲಿ ಹಿಡಿದ ಕೈ ಹಾಗೆಯೇ ಇತ್ತು, ಬೆಚ್ಚಗೆ, ಜಡ್ಡುಜಡ್ಡಾಗಿ.

"ಇದ್ದೀರಾ?" ಎಂದಳು.

"ಇದ್ದೀನಿ ಕಣೆ" ಎಂದಿತು ಕೇತಣನ ದನಿ.

ಕತ್ತಲಾದ ಮೇಲೆ, ಚಂದ್ರ ಮೂಡುವ ಮೊದಲು, ಅಜ್ಜಿ ಅವಳನ್ನು ಮಾಳಿಗೆಗೆ ಕರೆದೊಯ್ದಳು. ದೀಪ ಆರಿಸಿ ಬಟ್ಟಲು ತೇಲಿಬಿಟ್ಟಳು. "ದೀಪ ನೋಡಿದ ಕಣ್ಣು ಒಂದು ಗಳಿಗೆ ಕುರುಡು ಮಗಾ. ಈ ಬಟ್ಟಲು ಮುಳುಗೋವರೆಗೂ ಕತ್ತಲಲ್ಲೇ ಕೂರಬೇಕು, ಆಮೇಲೆ ತಲೆಯೆತ್ತಬೇಕು. ಸಣ್ಣ ಚುಕ್ಕಿ ಬಲು ನಾಚಿಕೆಯದು, ದಿಟ್ಟಿಸಿದ್ರೆ ಅಡಗಿಕೊಳ್ಳುತ್ತೆ. ಅದರ ಪಕ್ಕಕ್ಕೆ ನೋಡಿದ್ರೆ ತಾನೇ ಬರುತ್ತೆ" ಎಂದಳು. ಬಟ್ಟಲು ಬುಳಕ್ಕೆಂದು ಮುಳುಗಿತು. ಸೋವಲೆ ನೋಡಿದಳು. ಸಪ್ತರ್ಷಿಗಳು ಏಳೂ ಇದ್ದರು. ವಸಿಷ್ಠನ ಮಗ್ಗುಲಲ್ಲಿ ಏನೂ ಇರಲಿಲ್ಲ. ನೇರ ನೋಡಿದಳು, ಪಕ್ಕಕ್ಕೆ ನೋಡಿದಳು; ಬರಿಯ ಕತ್ತಲು. ಬಾನಿನ ಉದ್ದಕ್ಕೂ ಅಂಥ ತೂತುಗಳು.

"ನನ್ನ ಮದುವೇಲಿ ಕಂಡಿದ್ದೆ" ಎಂದಳು ಅಜ್ಜಿ. "ಆಮೇಲೆ ನಾನೂ ನೋಡೋದು ಬಿಟ್ಟೆ. ಬಟ್ಟಲು ನೋಡ್ತಾ ಕೂತುಬಿಟ್ಟೆ. ಇರಲಿ, ಈಗ ದಾರಿ ಕೇಳು. ಆ ಬಾಲದ ಬಾಗನ್ನೇ ಹಿಡ್ಕೊಂಡು ಹೋಗು. ಮೊದಲು ಸಿಗೋ ಕೆಂಚು ಚುಕ್ಕಿ ಸ್ವಾತಿ. ಅದೇ ಬಾಗಲ್ಲಿ ಮುಂದೆ ಹೋದರೆ ಬೆಳ್ಳಗಿರೋ ಚಿತ್ತೆ. ಅದರಾಚೆ ಅಂಗೈ ಥರ ಐದು ಚುಕ್ಕಿ, ಅದು ಹಸ್ತ. ಹಸ್ತದಿಂದ ಕೆಳಗಿಳಿದರೆ, ತೆಂಕಣದ ಅಂಚಲ್ಲಿ, ನೆಲಕ್ಕೆ ತಾಗೋ ಹಂಗೆ ತ್ರಿಶಂಕು ನೇತಾಡ್ತಿದಾನೆ. ಗೂಬೆ ಅತ್ತಲೇ ಹಾರಿತು. ಆ ದಿಕ್ಕಿಗೆ ಯಾರೂ ತಿರುಗಿ ನೋಡಲ್ಲ. ಕದ್ದದ್ದನ್ನ ಬಚ್ಚಿಡೋಕೆ ಅದಕ್ಕಿಂತ ಒಳ್ಳೆ ಜಾಗ ಬೇರೆ ಇಲ್ಲ."

ಸೋವಲೆ ತಾಮ್ರದ ಬಟ್ಟಲನ್ನೂ ಅಗಲಬಾಯಿಯ ಒಂದು ಮಣ್ಣಿನ ಚಟ್ಟಿಯನ್ನೂ ಬಟ್ಟೆಯಲ್ಲಿ ಕಟ್ಟಿಕೊಂಡಳು. ಧಾರೆಯ ಸೀರೆಯನ್ನು ಬಿಚ್ಚದೆ ಸೊಂಟಕ್ಕೆ ಬಿಗಿದಳು. "ಮದುವೆ ಅರ್ಧ ಆಗಿದೆ ಅಜ್ಜೀ, ಇನ್ನರ್ಧ ಮುಗಿಸ್ಕೊಂಡು ಬರ್ತೀನಿ" ಎಂದು ಹೊರಟಳು.

ಹಗಲು ಮರದಡಿ ಮಲಗುವುದು, ಇರುಳು ಚುಕ್ಕಿ ಹಿಡಿದು ನಡೆಯುವುದು. ನೋಡುವವರ ಕಣ್ಣಿಗೆ ಒಂಟಿ ಹೆಣ್ಣೊಬ್ಬಳು ಗಾಳಿಯ ಜೊತೆ ಮಾತಾಡುತ್ತ, ಗಾಳಿಯ ಜೊತೆ ಜಗಳವಾಡುತ್ತ ಹೋಗುತ್ತಿದ್ದಳು. ಕೇತಣನಿಗೆ ದೋಣಿಯ ಮೇಲಿದ್ದಷ್ಟು ಚುರುಕು ನೆಲದ ಮೇಲಿರಲಿಲ್ಲ. ಮುಳ್ಳು ತುಳಿದಾಗಲೆಲ್ಲ ಕಾಣದ ಕಡೆಯಿಂದ ಬೈಗುಳ ಕೇಳಿಸುತ್ತಿತ್ತು. ಸೋವಲೆ ನಗುತ್ತಿದ್ದಳು. ನಗುವಾಗಲೂ, ಆ ದನಿ ನಿನ್ನೆಗಿಂತ ತೆಳ್ಳಗಾಗಿದೆ ಎಂದು ಅವಳಿಗೆ ತಿಳಿಯುತ್ತಿತ್ತು.

ನಾಲ್ಕು ದಿನಕ್ಕೆ ಸ್ವಾತಿಯ ಅಡಿ ಸಿಕ್ಕಿತು. ಅಲ್ಲೊಂದು ಕೆರೆಯಂಗಳ, ಸಂಜೆಗೆಂಪಿನಲ್ಲಿ ಬಟಾಬಯಲಾಗಿ ಬಿದ್ದಿತ್ತು. ದಡದಲ್ಲಿ ತಾಳೆಮರದಷ್ಟು ಎತ್ತರದ ಕೊಕ್ಕರೆಯೊಂದು ಒಂಟಿಕಾಲಲ್ಲಿ ನಿಂತಿತ್ತು. ಕೆರೆಯ ನಡುವೆ ಒಣನೆಲದಲ್ಲಿ ಹತ್ತಿಪ್ಪತ್ತು ಜನ ಕೈಕಾಲು ಬಡಿಯುತ್ತ ಈಜುತ್ತಿದ್ದರು. ಧೂಳೇಳುತ್ತಿತ್ತು. "ಕಾಪಾಡಿ, ಮುಳುಗ್ತೀವಿ!" ಎಂದು ಕೂಗುತ್ತಿದ್ದರು.

ಕೊಕ್ಕರೆ ಕೊಕ್ಕು ಬಗ್ಗಿಸಿತು. "ಕೆರೆ ತುಂಬಿ ತುಳುಕುತ್ತಿದೆ. ನೀರು ಕಂಡೆಯಾ? ಕಂಡೆ ಎಂದರೆ ದೋಣಿ ಕೊಡುತ್ತೇನೆ."

ದೋಣಿ ಎಂದಕೂಡಲೆ ಕೇತಣನ ಕೈ ಮಿಸುಕಿತು. ಸೋವಲೆ ಕೆರೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದಳು.

"ಕಾಣಲಿಲ್ಲ. ನನಗೆ ಕಾಣೋದು ಬಿರುಕು ಬಿಟ್ಟ ಮಣ್ಣು."

"ನಿನಗಿಂತ ಮುಂಚೆ ಬಂದವರೆಲ್ಲ ಕಂಡೆವೆಂದರಲ್ಲ! ದೊಡ್ಡದೊಡ್ಡವರು!"

"ಅವರಿಗೆ ಕಂಡಿರಬಹುದು. ನನಗೆ ಕಾಣಲಿಲ್ಲ."

ಹೀಗೆಂದು ಅವಳು ಸೀರೆಯ ನೆರಿಗೆಯನ್ನೂ ಎತ್ತದೆ ಕೆರೆಗಿಳಿದು ನಡೆದಳು. ಪಾದಕ್ಕೆ ಧೂಳಷ್ಟೇ ಅಂಟಿತು. ಈಜುತ್ತಿದ್ದವರ ಬಳಿ ನಿಂತು, "ಎದ್ದು ನಿಲ್ಲಿ ಸ್ವಾಮಿ, ಮೊಣಕಾಲುದ್ದ ನೀರೂ ಇಲ್ಲ" ಎಂದಳು. ಒಬ್ಬೊಬ್ಬರೇ ಎದ್ದರು. ಮೈಯ ಮಣ್ಣು ಕೊಡವಿಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ಊರ ಕಡೆ ಹೊರಟರು. ಕೊಕ್ಕರೆ ಕುಗ್ಗಿ ಕುಗ್ಗಿ ಎಲ್ಲ ಕೊಕ್ಕರೆಗಳಷ್ಟಾಗಿ, ನಿಜವಾದ ನೀರು ಹುಡುಕಿಕೊಂಡು ಹಾರಿಹೋಯಿತು.

"ಇದ್ದೀರಾ?"

"ಇದ್ದೀನಿ" ಎಂದ ಕೇತಣ. ಬಾವಿಯೊಳಗಿಂದ ಬಂದಂತಿತ್ತು.

ಮತ್ತೆ ನಾಲ್ಕು ದಿನಕ್ಕೆ ಚಿತ್ತೆಯ ಅಡಿ. ಅಲ್ಲಿ ಕಾಡು ಗೋಡೆಯಂತೆ ಎದ್ದಿತ್ತು. ಅದರ ಮುಂದೆ ಮೈತುಂಬ ಚಿತ್ತಾರದ ಒಂದು ಚಿರತೆ, ಆನೆಯಷ್ಟು ಗಾತ್ರದ್ದು, ಕೂತಿತ್ತು. ಅದರ ಎರಡು ಕಣ್ಣು ಎರಡು ದೀವಟಿಗೆ.

"ನನ್ನ ಹಿಂದೆ ಒಂದು ದಾರಿ. ಕಂಡೆಯಾ?" ಎಂದಿತು. "ಇಲ್ಲದ್ದನ್ನು ಇದೆ ಎಂದರೂ ತಿನ್ನುತ್ತೇನೆ, ಇದ್ದದ್ದನ್ನು ಇಲ್ಲ ಎಂದರೂ ತಿನ್ನುತ್ತೇನೆ."

ಸೋವಲೆ ನೋಡಿದಳು. ಮಸಿಯಂಥ ಕತ್ತಲು. ದಾರಿಯೆಲ್ಲಿಂದ ಬರಬೇಕು? ಕೊಕ್ಕರೆಯನ್ನು ಗೆದ್ದ ಹುಮ್ಮಸ್ಸು ಬೇರೆ ಇತ್ತು. "ಕಾ..." ಎಂದು ಬಾಯಿ ತೆರೆದಳು.

ಅವಳ ಕೈಯನ್ನು ಯಾರೋ ಜಗ್ಗಿದರು. "ತಡಿ" ಎಂದ ಕೇತಣ, ಉಸಿರಿನಷ್ಟು ಮೆಲ್ಲಗೆ. "ನೋಡದೇ ಇಲ್ಲ ಅಂದ್ರೆ ಅದೂ ಕಾಣದೇ ಕಂಡೆ ಅಂದಂಗೇ ಆಯ್ತಲ್ಲೆ. ಬಟ್ಟಲು ಇಡು."

ಸೋವಲೆಗೆ ನಾಚಿಕೆಯಾಯಿತು. ತನ್ನ ಇಲ್ಲವೆಂಬ ಮಾತು ಯಾವಾಗ ಬಾಯಿಪಾಠವಾಯಿತೋ ಅವಳಿಗೇ ಗೊತ್ತಿರಲಿಲ್ಲ. ಹತ್ತಿರದ ಒರತೆಯಿಂದ ಚಟ್ಟಿ ತುಂಬಿ ತಂದು ಬಟ್ಟಲು ತೇಲಿಬಿಟ್ಟಳು. "ಚಿರತೆಯಣ್ಣ, ನಿನ್ನ ಪ್ರಶ್ನೆಗೆ ಉತ್ತರ ಬೇಕಾದ್ರೆ ಒಂದು ಗಳಿಗೆ ಆ ದೀವಟಿಗೆ ಮುಚ್ಚು. ನೀನೇ ಕಣ್ಣು ಕುಕ್ಕಿಸಿದರೆ ನಾನೇನು ನೋಡಲಿ?" ಎಂದಳು. ಹಾಗೆ ಅದನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಅದು ಕಣ್ಣು ಮುಚ್ಚಿತು. ಮುಚ್ಚಿದ ಸ್ವಲ್ಪ ಹೊತ್ತಿಗೆ ಗೊರಕೆಯೂ ಕೇಳಿಸಿತು.

ಕತ್ತಲು ಮೊದಮೊದಲು ಒಂದೇ ಮುದ್ದೆಯಾಗಿತ್ತು. ಆಮೇಲೆ ಮರಗಳು ಬೇರೆ ಬೇರೆಯಾದವು. ಆಮೇಲೆ ಕೊಂಬೆಗಳ ನಡುವೆ ಬಾನು ಕಂಡಿತು. ಮೂಡಣದಲ್ಲಿ ವೃಶ್ಚಿಕ ತನ್ನ ಕೆಂಪು ಜ್ಯೇಷ್ಠೆಯನ್ನು ಹೊತ್ತು, ಬಾಲ ಸುತ್ತಿಕೊಂಡು ಮೇಲೇರಿತ್ತು. ಬಟ್ಟಲು ಮುಳುಗುವ ಹೊತ್ತಿಗೆ, ಆ ಚುಕ್ಕಿಬೆಳಕಿನಲ್ಲೇ, ಮರಗಳ ನಡುವೆ ಬಿಳಿಯ ನೊರಜುಗಲ್ಲಿನ ಒಂದು ಕಾಲುದಾರಿ ನೂಲೆಳೆಯಂತೆ ತೋರಿತು.

"ಕಂಡೆ" ಎಂದಳು ಸೋವಲೆ. ಚಿರತೆ ಎಚ್ಚತ್ತು, ಆಕಳಿಸಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.

ಕಾಡು ದಾಟಿ, "ಇದ್ದೀರಾ?" ಎಂದಳು. ಉತ್ತರ ಬರಲಿಲ್ಲ. ನಿಂತು ಮತ್ತೆ ಕೇಳಿದಳು. ಬೆರಳುಗಳು ಅವಳ ಅಂಗೈಯನ್ನು ಎರಡು ಸಲ ಒತ್ತಿದವು. ಮಾತು ಹೋಗಿತ್ತು. ಸೋವಲೆ ಅಲ್ಲೇ ಕೂತು ಗಟ್ಟಿಯಾಗಿ ಅತ್ತಳು, ಕಣ್ಣೊರೆಸಿಕೊಂಡಳು, ಎದ್ದು ನಡೆದಳು.

ಮತ್ತೆ ನಾಲ್ಕು ದಿನ. ಪಡುವಣದ ಅಂಚಿನಲ್ಲಿ ಮಿಂಚು ಆಡತೊಡಗಿತ್ತು. ಗಾಳಿಯಲ್ಲಿ ತೇವದ ವಾಸನೆ. ಹಸ್ತದ ಅಡಿಯಲ್ಲಿ ಐದು ಕೋಡುಗಲ್ಲುಗಳು ಅಂಗೈಯಂತೆ ಎದ್ದು ನಿಂತಿದ್ದವು. ಆ ಅಂಗೈಯ ನಡುವೆ ಹಾಸುಬಂಡೆ. ಬಂಡೆಯ ಮೇಲೆ ಕೇತಣ.

ರುಮಾಲು ಸುತ್ತಿ, ಬಾಸಿಂಗ ಕಟ್ಟಿ, ಹಸೆಯ ಮೇಲೆ ಇದ್ದಂತೆಯೇ ಇದ್ದ. ಅವಳನ್ನು ನೋಡಿ ನಕ್ಕ. ಆ ನಗೆಯನ್ನು ನೋಡಿ ಸೋವಲೆಗೆ ಹದಿಮೂರು ದಿನವಾಗಿತ್ತು.

"ಬಂದೆಯಾ? ಎಷ್ಟು ಸೊರಗಿದೀಯೆ" ಎಂದ. ಅದೇ ದನಿ. "ಶಾಪ ಕಳೀತು. ಕಂಡೆ ಅಂತ ಒಂದು ಮಾತು ಅನ್ನು, ಮನೆಗೆ ಹೋಗೋಣ. ನನ್ನನ್ನ ಕಂಡೆಯಾ?"

ಸೋವಲೆಯ ಬಾಯಿಗೆ ಆ ಮಾತು ಬಂದೇಬಿಟ್ಟಿತ್ತು. ಯಾಕೆ ಬರಬಾರದು? ಅವಳ ಆಸೆಯೆಲ್ಲ ಅಷ್ಟೇ ಇತ್ತು. ಆದರೆ ಅವಳ ಬಲಗೈಯನ್ನು ಇನ್ನೊಂದು ಕೈ ಹಿಡಿದಿತ್ತು, ಈಗೀಗ ಬಹಳ ಹಗುರವಾಗಿ.

"ಅಂಗೈ ತೋರಿಸಿ" ಎಂದಳು.

ಅವನು ಎರಡೂ ಕೈ ಚಾಚಿದ. ಅಂಗೈ ರೇಷ್ಮೆಯಂತೆ ನುಣ್ಣಗಿತ್ತು.

ಸೋವಲೆ ಕಣ್ಣೀರು ತಡೆಯಲಿಲ್ಲ, ಮಾತನ್ನೂ ತಡೆಯಲಿಲ್ಲ. "ಯಾರೋ ಒಬ್ಬ ಗಂಡಸು ಕಾಣ್ತಿದಾನೆ. ನನ್ನ ಕೇತಣ ಕಾಣಲಿಲ್ಲ."

ಬಂಡೆಯ ಮೇಲಿದ್ದವನು ಅರ್ಧ ನಗೆಯಲ್ಲೇ ಬೂದಿಯಾಗಿ ಸುರಿದ. ಅವಳ ಬಲಗೈಯನ್ನು ಹಿಡಿದಿದ್ದ ಕೈ ತನಗಿದ್ದ ಬಲವೆಲ್ಲ ಹಾಕಿ ಅವಳ ಬೆರಳುಗಳನ್ನು ಅದುಮಿತು. ಅಷ್ಟು ಸಾಕಾಯಿತು ಅವಳಿಗೆ ಮುಂದೆ ನಡೆಯಲು.

ತ್ರಿಶಂಕುವಿನ ಅಡಿಯಲ್ಲಿ ಒಂದು ಬೋಳುಗುಡ್ಡ, ಗುಡ್ಡದಲ್ಲೊಂದು ಗವಿ. ಒಳಗೆ ಕಾಲಿಟ್ಟವಳು ಎಡಗೈಯಿಂದ ಕಣ್ಣು ಮುಚ್ಚಿಕೊಂಡಳು. ಕದ್ದ ಚುಕ್ಕಿಗಳನ್ನೆಲ್ಲ ಧೂಮಾಕ್ಷ ಸೂರಿಗೆ ನೇತುಹಾಕಿದ್ದ. ದೂರದ ಬಾನಿನಲ್ಲಿ ಚೆಂದ ಕಾಣುವುದು ಹತ್ತಿರದಲ್ಲಿ ಕಣ್ಣಿಗೆ ಸೂಜಿಯಾಗಿತ್ತು. ಅದರ ನಡುವೆ ಜೋಳಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅವನು ಕೂತಿದ್ದ.

"ಬಾ ಮಗಳೇ" ಎಂದ. "ಒಂದೇ ಸಲ ಕೇಳುತ್ತೇನೆ. ಅರುಂಧತಿ ಈ ಗವಿಯಲ್ಲೇ ಇದ್ದಾಳೆ. ಕಂಡೆಯಾ? ಕಾಣದೆ ಕಂಡೆ ಎಂದರೆ ನೀನೂ ನನ್ನ ಜೋಳಿಗೆಗೆ. ಕಾಣಲಿಲ್ಲ ಎಂದರೆ ಬಂದ ದಾರಿ ಹಿಡಿ, ಅವನ ಆಸೆ ಬಿಡು."

ಹೊರಗೆ ಮೊದಲ ಗುಡುಗು ಕೇಳಿಸಿತು.

"ಹೇಳ್ತೀನಿ. ಒಂದು ಗಳಿಗೆ ಕೊಡು" ಎಂದಳು ಸೋವಲೆ.

"ಹತ್ತು ಗಳಿಗೆ ತೆಗೆದುಕೋ" ಎಂದು ಧೂಮಾಕ್ಷ ನಕ್ಕ. "ಮೋಡ ಐದು ಗಳಿಗೆಯ ದಾರಿಯಲ್ಲಿದೆ."

ಅವಳು ಗವಿಯ ಗೋಡೆಯಲ್ಲಿ ಒಸರುತ್ತಿದ್ದ ನೀರನ್ನು ಚಟ್ಟಿಗೆ ಹಿಡಿದು ಬಟ್ಟಲು ತೇಲಿಬಿಟ್ಟಳು. ಧಾರೆಯ ಸೀರೆಯ ಸೆರಗನ್ನು ಎರಡು ಮಡಿಕೆ ಮಾಡಿ ತಲೆಯ ಮೇಲಿಂದ ಮುಖದ ಮೇಲೆ ಎಳೆದುಕೊಂಡು, ಕಣ್ಣನ್ನೂ ಮುಚ್ಚಿ ಕೂತಳು. ಬಟ್ಟಲನ್ನು ನೋಡುವಂತಿರಲಿಲ್ಲ, ಕೇಳಬೇಕಿತ್ತು. ಕೈಯಲ್ಲಿ ಕೇತಣನ ಕೈ ಇತ್ತು.

"ಬುಳಕ್" ಎಂದಿತು. ಅವಳು ಅಲುಗಲಿಲ್ಲ. ಐದನೆಯ ವಯಸ್ಸಿನಿಂದ ತಾಮ್ರ ಮುಳುಗುವುದನ್ನು ಕೇಳಿದವಳು. ಇದು ಬಾಯಿಂದ ಬಂದ ಬುಳಕ್.

"ಮುಳುಗಿತಲ್ಲ, ತೆಗೆ ಕಣ್ಣು" ಎಂದ ಧೂಮಾಕ್ಷ.

"ಇನ್ನೂ ಇಲ್ಲ."

"ಮೋಡ ಅರ್ಧ ಬಾನು ಮುಚ್ಚಿತು!"

"ಇನ್ನೂ ಇಲ್ಲ."

ಆಗಲೇ ಅದು ನಡೆಯಿತು. ಅವಳ ಕೈಯಲ್ಲಿದ್ದ ಕೈ ಹೂವಿನಷ್ಟು ಹಗುರವಾಯಿತು. ಆಮೇಲೆ ಉಸಿರಿನಷ್ಟು. ಆಮೇಲೆ ಏನೂ ಇಲ್ಲ. ಸೋವಲೆ ಬೆರಳು ಮಡಚಿದಳು. ಬೆರಳು ತನ್ನ ಅಂಗೈಯನ್ನೇ ಮುಟ್ಟಿತು. ಎದ್ದು ಕಿರುಚಬೇಕೆನಿಸಿತು, ಸೆರಗು ಕಿತ್ತೆಸೆದು ಎದುರಿಗೆ ಹೊಳೆಯುವ ಯಾವುದೋ ಒಂದನ್ನು ತೋರಿಸಿ ಇವಳೇ ಅರುಂಧತಿ ಎನ್ನಬೇಕೆನಿಸಿತು. ಹಲ್ಲು ಕಚ್ಚಿ ಕೂತಳು. ಮುಳುಗ್ಲಿ, ಮುಳುಗ್ಲಿ ಎಂದುಕೊಂಡಳು. ಆದರೆ ಮುಳುಗಿತು ಎಂದುಕೊಳ್ಳಲಿಲ್ಲ.

ಕಡೆಗೆ ತಾಮ್ರ ನೀರು ನುಂಗಿದ ಸದ್ದು, ತಳ ಮಣ್ಣಿಗೆ ತಾಗಿದ ಟಣ್ ಸದ್ದು.

ಸೋವಲೆ ಸೆರಗನ್ನು ಹಣೆಯ ಮೇಲೆ ಚಪ್ಪರದಂತೆ ಹಿಡಿದು, ಮೇಲಿನ ಬೆಳಕನ್ನು ಮರೆಮಾಡಿ ಕಣ್ಣು ತೆರೆದಳು. ಹೊಳೆಯುವ ಕಡೆ ನೋಡಲೇ ಇಲ್ಲ. ಅರುಂಧತಿ ಹೊಳೆಯುವವಳಲ್ಲ. ಗವಿಯಲ್ಲಿ ಕತ್ತಲು ಎಲ್ಲಿದೆ ಎಂದು ಹುಡುಕಿದಳು. ಇಡೀ ಗವಿಯಲ್ಲಿ ಕತ್ತಲಿದ್ದದ್ದು ಒಂದೇ ಕಡೆ, ಧೂಮಾಕ್ಷನ ಬೆನ್ನ ಹಿಂದೆ, ಅವನ ನೆರಳಿನಲ್ಲಿ. ನೆರಳಿನೊಳಕ್ಕೆ ನೇರ ನೋಡದೆ ಅದರ ಅಂಚಿಗೆ ನೋಡಿದಳು. ನಾಚಿಕೆಯ ಹುಡುಗಿ ಬಾಗಿಲ ಸಂದಿಯಿಂದ ಇಣುಕಿದಂತೆ ಸಾಸಿವೆಯಷ್ಟು ಬೆಳಕು ಬಂತು.

"ಕಂಡೆ" ಎಂದಳು ಸೋವಲೆ. "ನಿನ್ನ ನೆರಳಲ್ಲಿ ಬಚ್ಚಿಟ್ಟಿದೀಯ. ನಾನು ಅರುಂಧತಿಯನ್ನ ಕಂಡೆ."

ಇಪ್ಪತ್ತು ವರ್ಷದಲ್ಲಿ ಆ ಮಾತನ್ನು ನಿಜವಾಗಿ ಆಡಿದವಳು ಅವಳೊಬ್ಬಳೇ. ಆ ಒಂದು ನಿಜಕ್ಕೆ ಜೋಳಿಗೆ ಹರಿಯಿತು. ಒಳಗಿದ್ದ ಸಾವಿರ ಮಾತುಗಳು ಹೊರಬಿದ್ದವು. ಸಾವಿರ ಮದುಮಕ್ಕಳ ಸಣ್ಣ ದನಿಯಲ್ಲಿ "ಕಾಣಿಸಿತು, ಕಾಣಿಸಿತು" ಎನ್ನುತ್ತ ಗವಿಯ ಬಾಯಿಂದ ಹಾರಿ ತಮ್ಮ ತಮ್ಮ ಮನೆಗೆ ಹೋದವು. ಅವನ್ನು ತಿಂದು ಬೆಳೆದಿದ್ದ ಧೂಮಾಕ್ಷ ಕುಗ್ಗತೊಡಗಿದ. ಮೊಣಕಾಲೆತ್ತರವಾದ, ಗೇಣೆತ್ತರವಾದ, ಕಡೆಗೆ ಬಾಲವೊಂದು ಹೊರಬಂದು ಹಲ್ಲಿಯಾಗಿ ಗೋಡೆ ಹತ್ತಿದ. ಸೂರಿನ ಚುಕ್ಕಿಗಳು ಕಟ್ಟು ಕಳಚಿಕೊಂಡು ಹೊರಟವು. ಅಂದು ಎಚ್ಚರವಿದ್ದವರು, ಉಲ್ಕೆಗಳು ನೆಲದಿಂದ ಬಾನಿಗೆ ಬೀಳುವುದನ್ನು ನೋಡಿದರು.

ಅರುಂಧತಿ ಎಲ್ಲರಿಗಿಂತ ಕೊನೆಗೆ, ಅವಸರವಿಲ್ಲದೆ ಹೊರಟಳು. ಸೋವಲೆ ಅವಳ ಹಿಂದೆಯೇ ಗುಡ್ಡದ ನೆತ್ತಿಗೆ ಓಡಿದಳು. ಪಡುವಣದಿಂದ ಮೋಡ ಏರುತ್ತಿತ್ತು, ಬಡಗಣ ಇನ್ನೂ ತೆರಪಾಗಿತ್ತು. ವಸಿಷ್ಠನ ಮಗ್ಗುಲಲ್ಲಿ ಆ ಸಾಸಿವೆ ಹೋಗಿ ಕೂತಿತು.

"ಇದ್ದೀರಾ?" ಎಂದಳು ಸೋವಲೆ, ಹಿಂತಿರುಗಲು ಧೈರ್ಯವಿಲ್ಲದೆ.

"ಕಾಣ್ತಿಲ್ವೇನೆ?"

"ತಡೀರಿ. ನೋಡಿ ಹೇಳ್ತೀನಿ."

ತಿರುಗಿದಳು. ಮಿಂಚಿನ ಬೆಳಕಿನಲ್ಲಿ ಒಬ್ಬ ಅಂಬಿಗ ನಿಂತಿದ್ದ. ರುಮಾಲು ಕಳೆದುಹೋಗಿತ್ತು, ಬಾಸಿಂಗ ಕಿವಿಯ ಮೇಲೆ ನೇತಾಡುತ್ತಿತ್ತು, ಕಾಲ ತುಂಬ ಮುಳ್ಳು ಗೀಚಿದ ಗಾಯ. ಅವನ ಅಂಗೈ ಬಿಡಿಸಿ ಜಡ್ಡುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಆಮೇಲೆ ಅವನ ಮುಖ ನೋಡಿದಳು.

"ಕಂಡೆ" ಎಂದಳು.

ಮೋಡ ಬಾನು ಮುಚ್ಚಿತು. ಮಳೆ ಬಿತ್ತು. ಇಬ್ಬರೂ ನೆನೆಯುತ್ತಲೇ ಗುಡ್ಡ ಇಳಿದರು.

ಅವರು ಮಿಸುನಿಗೆ ಮರಳಿದಾಗ ಪಟ್ಟಣಕ್ಕೆ ಪಟ್ಟಣವೇ ಎದುರುಗೊಂಡಿತು. ತಾವು ಎಂದೋ ಆಡಿದ ಮಾತು ನಡುರಾತ್ರಿ ಬಂದು ಕದ ತಟ್ಟಿದ್ದರಿಂದ ಹೆಂಗಸರೆಲ್ಲ ಗಾಬರಿಯಾಗಿದ್ದರು. ಎಲ್ಲರೆದುರು ರಾಣಿಯೇ ಮೊದಲು ಬಾಯಿಬಿಟ್ಟಳು: "ನಾನೂ ಕಂಡಿರಲಿಲ್ಲ ಕಣವ್ವ. ಕಾಗೆ ಕಂಡಿತ್ತು." ದೊರೆ ಅವಳ ಮುಖ ನೋಡಿದ, ಆಮೇಲೆ ಜೋರಾಗಿ ನಕ್ಕ. ಸೋದರತ್ತೆ, ತನಗೆ ಕಾಗೆಯೂ ಕಂಡಿರಲಿಲ್ಲ ಎಂದಳು. ಮೋಡ ತಿಳಿಯಾದ ಮೇಲೆ ಒಂದಿರುಳು ಊರ ಹೆಂಗಸರೆಲ್ಲ ಮಾಳಿಗೆ ಹತ್ತಿ, ಅಜ್ಜಿ ಬಾಚವ್ವೆಯ ಬಟ್ಟಲಿನ ಸುತ್ತ ದೀಪವಿಲ್ಲದೆ ಕೂತು, ಬಾಕಿ ಉಳಿದಿದ್ದ ತಮ್ಮ ತಮ್ಮ ಮದುವೆಯನ್ನು ಮುಗಿಸಿಕೊಂಡರು.

ಅಲ್ಲಿಂದ ಆ ರಾಜ್ಯದಲ್ಲಿ ಮದುವೆ ಮತ್ತೆ ಇರುಳಿಗೆ ಬಂತು. ಕಾಣಿಸಿತೇ ಎಂದು ಕೇಳಿದಾಗ ಮದುಮಗಳು ಇನ್ನೂ ಇಲ್ಲ ಎಂದರೆ, ದೀಪವೆಲ್ಲ ಆರಿಸಿ ಇನ್ನೊಂದು ಬಟ್ಟಲು ತೇಲಿಬಿಡುತ್ತಾರೆ. ಮಕ್ಕಳು ನಿದ್ದೆ ಹೋಗುತ್ತವೆ, ಅನ್ನ ಆರುತ್ತದೆ, ಯಾರೂ ಅವಸರ ಮಾಡುವುದಿಲ್ಲ. ಸಾರಿಗೆ ಉಪ್ಪಿಲ್ಲದಿದ್ದರೆ ಉಪ್ಪಿಲ್ಲ ಎನ್ನುವುದನ್ನೂ ಕಲಿತರು. ಅದರಿಂದ ಊರಿನ ಅಡಿಗೆ ಸುಧಾರಿಸಿತು. ಸೋವಲೆ ಬಟ್ಟಲು ಕಾಯುತ್ತ, ಕೇತಣ ದೋಣಿ ನಡೆಸುತ್ತ, ಮಕ್ಕಳು ಮೊಮ್ಮಕ್ಕಳೊಡನೆ ತುಂಬುಗಾಲ ಬಾಳಿದರು. ಧೂಮಾಕ್ಷ ಇಂದಿಗೂ ಗೋಡೆಯ ಮೇಲಿದ್ದಾನೆ. ಯಾರಾದರೂ ನಿಜ ನುಡಿದರೆ ತಡೆಯಲಾರದೆ ಲೊಚಗುಟ್ಟುತ್ತಾನೆ.

ಮುಪ್ಪಿನಲ್ಲೂ ಬೇಸಿಗೆಯ ಕೊನೆಯ ಇರುಳುಗಳಲ್ಲಿ ಆ ಇಬ್ಬರೂ ಮಾಳಿಗೆಯ ಮೇಲೆ ಮಲಗುತ್ತಿದ್ದರಂತೆ. ಕತ್ತಲಲ್ಲಿ ಅವಳು, "ಇದ್ದೀರಾ?" ಎನ್ನುವಳು. ಅವನು, "ಇದ್ದೀನಿ ಕಣೆ" ಎನ್ನುವನು. ಕೆಳಗೆ ಗೋಡೆಯ ಮೇಲೆ ಹಲ್ಲಿ ಲೊಚ್ ಲೊಚ್ ಎನ್ನುವುದು.